ವಸಿಯ್ಯತ್ ಬರೆಯೋದಾ, ಟ್ರಸ್ಟ್ ಮಾಡೋದಾ?

ನಾಸಿಕ್‌ನಲ್ಲಿ ನಿಮ್ಮದೊಂದು ಮನೆ, ಛತ್ರಪತಿ ಸಂಭಾಜಿನಗರದಲ್ಲೊಂದು ಅಂಗಡಿ ಇದೆ ಅಂತಿಟ್ಟುಕೊಳ್ಳಿ. "ಎಲ್ಲ ದೊಡ್ಡ ಮಗನಿಗೆ" ಅಂತ ವಸಿಯ್ಯತ್ ಬರೆದಿಟ್ಟರೆ ಮುಗೀತಾ? ಇಲ್ಲ. ದಫನ್ ಖರ್ಚು, ಸಾಲ ತೀರಿಸಿ ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಷ್ಟೇ ವಸಿಯ್ಯತ್ ನಡೆಯುತ್ತದೆ. ಹನಫಿಗಳಲ್ಲಿ ವಾರಸುದಾರನಿಗೇ ಬರೆದರೆ, ನಿಮ್ಮ ಮರಣಾನಂತರ ಉಳಿದ ವಾರಸುದಾರರು ಒಪ್ಪಬೇಕು. ಪತ್ನಿಯ, ಹೆಣ್ಣುಮಕ್ಕಳ ಪಾಲನ್ನು ಕುರ್‌ಆನ್ ಮೊದಲೇ ನಿಗದಿಪಡಿಸಿದೆ.

ಹಾಗಾದರೆ ವಸಿಯ್ಯತ್ ಯಾರಿಗೆ? ನಿಮಗಿಂತ ಮೊದಲೇ ತೀರಿಹೋದ ಮಗನ ಮಕ್ಕಳನ್ನು ನೆನೆಯಿರಿ. ಬೇರೆ ಗಂಡುಮಕ್ಕಳು ಬದುಕಿದ್ದರೆ ಆ ಯತೀಮರಿಗೆ ಪಾಲಿಲ್ಲ. ಅವರ ಕೈಹಿಡಿಯುವುದು ಈ ಮೂರನೇ ಒಂದು ಭಾಗವೇ. ನೋಂದಣಿ ಕಡ್ಡಾಯವಲ್ಲ, ಸಾಯುವವರೆಗೂ ಬದಲಿಸಬಹುದು.

ಟ್ರಸ್ಟ್ ಹಾಗಲ್ಲ. ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗಳಿಗೆ ಒಪ್ಪಿಸಬೇಕು. ಮನೆ, ಜಮೀನಾದರೆ 1882ರ ಕಾಯ್ದೆಯಂತೆ ನೋಂದಾಯಿತ ಪತ್ರ ಬೇಕು, ಹಿಂಪಡೆಯುವುದು ಸುಲಭವಲ್ಲ. ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ಮಗುವಿದ್ದರೆ ಇದು ಆಸರೆ. ಕುಟುಂಬ ವಕ್ಫ್ ಮಾಡಿದರೂ 2025ರ ತಿದ್ದುಪಡಿಯಂತೆ ಹೆಣ್ಣುಮಕ್ಕಳ ವಾರಸು ಹಕ್ಕು ತಪ್ಪಿಸುವಂತಿಲ್ಲ.

ಯಾವುದನ್ನೇ ಆರಿಸಿ, ಮೊದಲು ಕೇಳಿಕೊಳ್ಳಿ: ಇದರಿಂದ ಯಾರಿಗೆ ಆಸರೆ, ಯಾರ ಹಕ್ಕಿಗೆ ಕತ್ತರಿ?