ಇಂಜೆಕ್ಟರ್ ಸರ್ಕ್ಯೂಟಿನ ದೋಷನಿದಾನ: ಒಂದು ಕಸುಬು ಜ್ಞಾನದ ವಿವೇಚನೆ

ಕಸುಬು ಜಾನಪದವೆಂದೊಡನೆ ನಮ್ಮ ವಿದ್ವಾಂಸರ ಗಮನ ಕುಲುಮೆ, ಮಗ್ಗ, ಕುಂಬಾರನ ತಿಗರಿಗಳತ್ತ ಹರಿಯುವುದು ಸಹಜ. ಅವುಗಳ ಪದಸಂಪತ್ತನ್ನು ಕುರಿತು ಸಾಕಷ್ಟು ಕೆಲಸ ನಡೆದಿದೆ. ಆದರೆ ಮೋಟಾರು ಗ್ಯಾರೇಜಿನಲ್ಲಿ ಉಸ್ತಾದನಿಂದ ಹುಡುಗನಿಗೆ ಬಾಯಿಮಾತಿನಲ್ಲಿ, ಕೈಹಿಡಿದು, ಕೆಲವೊಮ್ಮೆ ಬೈದು ದಾಟಿಸುವ ತಿಳಿವಳಿಕೆಯನ್ನು ಜಾನಪದವೆಂದು ಒಪ್ಪಲು ನಾವಿನ್ನೂ ಹಿಂಜರಿಯುತ್ತೇವೆ. ಆ ತಿಳಿವಳಿಕೆಯ ಒಂದೇ ಒಂದು ಎಳೆಯನ್ನು, ಎಂದರೆ ಪೆಟ್ರೋಲ್ ಕಾರಿನ ಇಂಜೆಕ್ಟರ್ ಸರ್ಕ್ಯೂಟಿನ ದೋಷವನ್ನು ಕಂಡುಹಿಡಿದು ಸರಿಪಡಿಸುವ ಕ್ರಮವನ್ನು, ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಕಾರ್ಬುರೇಟರಿನ ಕಾಲದಲ್ಲಿ ಮೆಕ್ಯಾನಿಕ್‌ನ ಕಿವಿ, ಮೂಗುಗಳೇ ಉಪಕರಣಗಳಾಗಿದ್ದವು. ಇಂಜೆಕ್ಟರ್ ಬಂದ ಮೇಲೆ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವ ಅಧಿಕಾರ ಇಸಿಎಂ ಎಂಬ ವಿದ್ಯುನ್ಮಾನ ಪೆಟ್ಟಿಗೆಗೆ ಹೋಯಿತು. ೧೯೯೬ರಿಂದ ಅಮೆರಿಕದಲ್ಲಿ ಕಡ್ಡಾಯವಾದ ಸ್ವಯಂತಪಾಸಣಾ ವ್ಯವಸ್ಥೆ ಭಾರತದಲ್ಲಿ ೨೦೧೦ರ ನಂತರದ ಬಿಎಸ್-೪ ನಿಯಮಗಳೊಡನೆ ಹಂತಹಂತವಾಗಿ ಜಾರಿಗೆ ಬಂದಿತು. ಅಂದಿನಿಂದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಿಡಿದವನ ಮಾತೇ ಮೇಲಾಯಿತು. ಇದು ಪೂರ್ತಿ ಒಳಿತಾಯಿತೆಂದು ಹೇಳಲಾರೆ.

ನನ್ನ ಹಳೆಯ ಕಾರಿನಲ್ಲಿಯೇ ಈ ಸಂಗತಿ ಎದುರಾಯಿತು. ಎಂಜಿನ್ ನಡುಗತೊಡಗಿ, ಪಿಕಪ್ ಬಿದ್ದುಹೋಗಿ, ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಮೊದಲು ಹೋದ ಕಾರ್ಯಾಗಾರದಲ್ಲಿ ಸ್ಕ್ಯಾನರ್ ‘ಪಿ ೦೨೦೩’ ಎಂಬ ಸಂಕೇತ ತೋರಿಸಿತು. ಅದನ್ನು ನೋಡಿದೊಡನೆ ಇಂಜೆಕ್ಟರ್ ಬದಲಿಸಬೇಕು, ಅದರಿಂದಾಗದಿದ್ದರೆ ಇಸಿಎಂ ಎಂದು ಅಂದಾಜುಪಟ್ಟಿ ಬರೆದುಕೊಟ್ಟರು. ಅದರ ಮೊತ್ತ ನನ್ನ ತಿಂಗಳ ಸಂಬಳಕ್ಕೆ ಸಮೀಪವಾಗಿತ್ತು. ಎರಡನೆಯ ಗ್ಯಾರೇಜಿನ ಹಿರಿಯ ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಇಂಜೆಕ್ಟರಿನ ಮೇಲಿಟ್ಟು, ಹಿಡಿಗೆ ಕಿವಿಗೊಟ್ಟು, “ಮೂರನೇದು ಮಾತಾಡ್ತಾ ಇಲ್ಲ ಸಾರ್” ಎಂದರು. ಇದನ್ನು ನಾಟಿ ವೈದ್ಯರ ನಾಡಿಪರೀಕ್ಷೆಗೆ ಹೋಲಿಸುವ ಆಸೆ ನನಗೂ ಆಯಿತು. ಆದರೆ ಹೋಲಿಕೆಯನ್ನು ಬಹಳ ಎಳೆಯಬಾರದು. ಆ ಟಿಕ್ ಟಿಕ್ ಸದ್ದು ಇಂಜೆಕ್ಟರಿನೊಳಗಿನ ಸೂಜಿ ಎದ್ದುಬೀಳುವ ಸದ್ದು. ಅದು ಕೇಳಿಸಿದರೆ ವಿದ್ಯುತ್ತು ಹರಿಯುತ್ತಿದೆಯೆಂದು ಅರ್ಥವೇ ಹೊರತು ಪೆಟ್ರೋಲ್ ಸರಿಯಾಗಿ ಸಿಂಪಡಣೆಯಾಗುತ್ತಿದೆಯೆಂದು ಅಲ್ಲ. ಕೇಳಿಸದಿದ್ದರೆ ಕಾರಣವನ್ನು ಬೇರೆಯಾಗಿ ಹುಡುಕಬೇಕು.

‘ಪಿ ೦೨೦೩’ ಎಂದರೆ ಮೂರನೆಯ ಸಿಲಿಂಡರಿನ ಇಂಜೆಕ್ಟರ್ ‘ಸರ್ಕ್ಯೂಟಿನಲ್ಲಿ’ ದೋಷವಿದೆ ಎಂದಷ್ಟೇ. ಮೊದಲ ಕಾರ್ಯಾಗಾರದವರು ಎಡವಿದ್ದು ಈ ಒಂದು ಪದದಲ್ಲಿ. ಸರ್ಕ್ಯೂಟೆಂದರೆ ಫ್ಯೂಸು, ರಿಲೇ, ಇಂಜೆಕ್ಟರಿಗೆ ಬರುವ ತಂತಿ, ಕಪ್ಲರ್, ಇಂಜೆಕ್ಟರಿನ ಕಾಯಿಲ್, ಅಲ್ಲಿಂದ ಇಸಿಎಂಗೆ ಮರಳುವ ತಂತಿ, ಕಡೆಗೆ ಇಸಿಎಂನೊಳಗಿನ ಸ್ವಿಚ್ಚು, ಇಷ್ಟೂ ಸೇರಿದ ಸರಪಳಿ. ಸಾಮಾನ್ಯವಾಗಿ ಬ್ಯಾಟರಿಯ ೧೨ ವೋಲ್ಟ್ ಇಂಜೆಕ್ಟರಿನ ಒಂದು ಪಿನ್ನಿಗೆ ನೇರವಾಗಿ ಬಂದು ನಿಂತಿರುತ್ತದೆ. ಇಸಿಎಂ ಇನ್ನೊಂದು ಪಿನ್ನನ್ನು ಕ್ಷಣಕಾಲ ಅರ್ತ್‌ಗೆ ಸೇರಿಸಿದಾಗ ಮಾತ್ರ ಇಂಜೆಕ್ಟರ್ ತೆರೆದುಕೊಳ್ಳುತ್ತದೆ.

ಉಸ್ತಾದರು ಸರಪಳಿಯನ್ನು ಕೊಂಡಿಕೊಂಡಿಯಾಗಿ ಪರೀಕ್ಷಿಸಿದರು. ಎಂಜಿನ್ ನಿಲ್ಲಿಸಿ, ಕಪ್ಲರ್ ಕಳಚಿ, ಮಲ್ಟಿಮೀಟರಿನಿಂದ ನಾಲ್ಕೂ ಇಂಜೆಕ್ಟರುಗಳ ರೋಧವನ್ನು ಅಳೆದರು. ಈ ಬಗೆಯ ಇಂಜೆಕ್ಟರುಗಳಲ್ಲಿ ಅದು ಸಾಮಾನ್ಯವಾಗಿ ೧೨ರಿಂದ ೧೬ ಓಮ್ ಇರುತ್ತದೆ. ಅಂಕಿಗಿಂತ ನೆರೆಯವುಗಳೊಡನೆ ಹೋಲಿಸುವುದು ಮುಖ್ಯವೆಂಬುದು ಅವರ ಪಾಠ. ಮೂರನೆಯದೂ ಉಳಿದವುಗಳಂತೆಯೇ ಇತ್ತು. ಎಂದರೆ ಕಾಯಿಲ್ ತುಂಡಾಗಿರಲಿಲ್ಲ. ಕೀಲಿ ತಿರುಗಿಸಿದಾಗ ಮೂರನೆಯ ಕಪ್ಲರಿನ ಒಂದು ಪಿನ್ನಿನಲ್ಲಿ ೧೨ ವೋಲ್ಟ್ ಇತ್ತು. ಎಂದರೆ ಫ್ಯೂಸು, ರಿಲೇ, ಬರುವ ತಂತಿ ಸರಿಯಾಗಿದ್ದವು. ಆಮೇಲೆ ಕಪ್ಲರಿನ ಎರಡು ಪಿನ್ನುಗಳ ನಡುವೆ ಪುಟ್ಟ ಪರೀಕ್ಷಾ ದೀಪವಿಟ್ಟು ಹುಡುಗನಿಗೆ ಸ್ಟಾರ್ಟರ್ ತಿರುಗಿಸಲು ಹೇಳಿದರು. ದೀಪ ಮಿನುಗಬೇಕು. ಬಿಡದೆ ಉರಿದರೆ ಮರಳುವ ತಂತಿ ಎಲ್ಲೋ ಅರ್ತ್‌ಗೆ ತಗುಲಿದೆ ಅಥವಾ ಇಸಿಎಂನ ಸ್ವಿಚ್ಚು ಮುಚ್ಚಿಯೇ ಉಳಿದಿದೆ. ನಮ್ಮ ದೀಪ ಹೊತ್ತಲೇ ಇಲ್ಲ.

ಅಲ್ಲಿಗೆ ಉಳಿದದ್ದು ಮರಳುವ ತಂತಿ, ಇಲ್ಲವೇ ಇಸಿಎಂ. ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಎಂ ಕಪ್ಲರನ್ನೂ ತೆಗೆದು ಅಳೆದಾಗ ತಂತಿಯ ಎರಡು ತುದಿಗಳಿಗೆ ಸಂಪರ್ಕವೇ ಇರಲಿಲ್ಲ. ತಂತಿಗಳ ಕಟ್ಟಿನ ಹೊದಿಕೆ ಬಿಚ್ಚಿದಾಗ ಇಲಿಯ ಹಲ್ಲಿನ ಗುರುತುಗಳು ಕಂಡವು. ಮಳೆಗಾಲದಲ್ಲಿ ನಿಲ್ಲಿಸಿಟ್ಟ ಕಾರಿನ ಬೆಚ್ಚನೆಯ ಎಂಜಿನ್ ಇಲಿಗೆ ಒಳ್ಳೆಯ ಬಿಡಾರ.

ರಿಪೇರಿಯಲ್ಲಿಯೂ ಒಂದು ಕ್ರಮವಿದೆ. ತಂತಿಗಳನ್ನು ತಿರುಚಿ ಟೇಪು ಸುತ್ತುವುದು ತಾತ್ಕಾಲಿಕ. ತೇವ ಒಳನುಗ್ಗಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದು ದೋಷ ಮರಳುತ್ತದೆ. ಉಸ್ತಾದರು ಕಚ್ಚಿದ ಭಾಗವನ್ನು ಕತ್ತರಿಸಿ, ಅದೇ ದಪ್ಪದ ತಂತಿ ಜೋಡಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಕಟ್ಟನ್ನು ಎಂಜಿನಿನ ಬಿಸಿಭಾಗದಿಂದ ದೂರಕ್ಕೆ ಕಟ್ಟಿದರು. ಅನಂತರವೇ ಸ್ಕ್ಯಾನರಿನಲ್ಲಿ ಸಂಕೇತ ಅಳಿಸಿದ್ದು. ಡೀಸೆಲ್ ಕಾಮನ್‌ರೈಲ್ ಎಂಜಿನಿಗೆ ಈ ವಿಧಾನ ಹೊಂದದು. ಅಲ್ಲಿ ಇಂಧನದ ಒತ್ತಡ ೧೦೦೦ ಬಾರ್ ದಾಟುತ್ತದೆ, ಇಂಜೆಕ್ಟರಿನ ವೋಲ್ಟೇಜೂ ಅಪಾಯಕಾರಿ. “ಅದಕ್ಕೆ ಕೈ ಹಾಕ್ಬೇಡ” ಎಂದು ಹುಡುಗನಿಗೆ ಅವರು ಎರಡು ಸಲ ಹೇಳಿದ್ದನ್ನು ಕೇಳಿಸಿಕೊಂಡೆ.

ಬಿಲ್ಲಿನಲ್ಲಿ ಇದ್ದದ್ದು ತಂತಿ, ಕೊಳವೆ ಮತ್ತು ಅರ್ಧ ದಿನದ ಕೂಲಿ. ಸ್ಕ್ಯಾನರ್ ಅವರಲ್ಲೂ ಇತ್ತು. ಹುಡುಗ ಅದನ್ನು ಉಸ್ತಾದರಿಗಿಂತ ಚುರುಕಾಗಿ ಬಳಸುತ್ತಿದ್ದ; ಸ್ಕ್ರೂಡ್ರೈವರಿಗೆ ಕಿವಿಗೊಡುವುದನ್ನು ಮಾತ್ರ ಇನ್ನೂ ಕಲಿಯುತ್ತಿದ್ದ.