ಆಹೇರಿ ಬಂತು, ನಾಟಕ ನಿಂತಿತು!

ನಾಟಕದ ಎರಡನೇ ಅಂಕ. ಗಂಡ ಮನೆ ಬಿಟ್ಟು ಹೋಗಿದ್ದಾನೆ. ಅತ್ತೆ ಹೊರಗೆ ನೂಕಿದ್ದಾಳೆ. ನಾಯಕಿ ಕೂಸನ್ನು ಎದೆಗವಚಿಕೊಂಡು ಅಳುತ್ತಿದ್ದಾಳೆ. ಮುಂದೆ ಕುಳಿತ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಮೈಕು ಕರಕರ ಅನ್ನುತ್ತದೆ.

"ದಯಮಾಡಿ ಎಲ್ಲಾರೂ ಒಂದ್ ನಿಮಿಷ ಶಾಂತ ರೀತಿಯಿಂದ ಕುಂದರ್ರಿ. ನಮ್ಮೂರಿನ ಕಿರಾಣಿ ವ್ಯಾಪಾರಸ್ಥರು, ಕಲಾಪ್ರೇಮಿಗಳು, ನಾಯಕಿ ಪಾರ್ಟಿನ ಅಭಿನಯ ಮೆಚ್ಚಿ ನೂರಾ ಒಂದು ರೂಪಾಯಿ ಆಯೇರಿ ಮಾಡ್ಯಾರ. ಅವರಿಗೆ ನಾಟ್ಯ ಸಂಘದ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು!"

ನಾಯಕಿ ಅಳು ನಿಲ್ಲಿಸಬೇಕು. ಕೂಸೆಂದು ಹಿಡಿದಿದ್ದ ಬಟ್ಟೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿಯಬೇಕು, ನಗಬೇಕು. ದಾನಿಗಳು ಕಟ್ಟೆಯಿಂದ ಇಳಿದ ಮೇಲೆ ಮತ್ತೆ ಮೊದಲಿನಷ್ಟೇ ಅಳಬೇಕು. ಇನ್ನು ಸತ್ತವನ ಪಾರ್ಟಾದರೆ ಕೇಳುವುದೇ ಬೇಡ. ಒಂದರ ಹಿಂದೊಂದು ಆಹೇರಿ ಬಂದಷ್ಟು ಹೊತ್ತು ಹೆಣ ಮಲಗಿಯೇ ಇರಬೇಕು, ಸೊಳ್ಳೆ ಕಡಿದರೂ ಕೈ ಎತ್ತುವಂತಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಜಾತ್ರೆಯ ನಾಟಕ ನೋಡಿದವರಿಗೆ ಇದು ಹೊಸದಲ್ಲ. ನಗುವ ಮಾತು ಹೌದು. ಆದರೆ ಈ ಆಹೇರಿ ಇಲ್ಲದಿದ್ದರೆ ಆ ನಾಟಕವೂ ಇಲ್ಲ ಎಂಬುದು ಅಷ್ಟೇ ಖರೆ.

ಪಟ್ಟಿ ಹೊರಡುವುದು

ಊರ ನಾಟಕದ ಖರ್ಚು ಕಟ್ಟೆ ಏರುವ ಮೊದಲೇ ಶುರು. ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ತಾಲೀಮು ಕೊಡುವ ಮಾಸ್ತರರಿಗೆ ಸಂಭಾವನೆ. ಪರದೆ, ಸೀನರಿಗೆ ಬಾಡಿಗೆ. ಮೈಕು, ಲೈಟು, ಜನರೇಟರು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರಧಾರಿಗಳಿಗೆ ಮುಂಗಡ. ಅದು ಕೈ ಸೇರದೆ ಅವರು ತಾರೀಖು ಕೊಡುವುದಿಲ್ಲ, ಕೊಡಲೂ ಬಾರದು.

ಈ ದುಡ್ಡಿಗೆ ಮೂರು ದಾರಿ. ಪಾರ್ಟು ಮಾಡುವವರೇ ಹಾಕುವ ವಂತಿಗೆ ಒಂದು. ದೊಡ್ಡ ಪಾರ್ಟಿಗೆ ದೊಡ್ಡ ವಂತಿಗೆ ಎಂಬ ಕರಾರು ಕೆಲವು ಊರುಗಳಲ್ಲಿ ಉಂಟಾದ್ದರಿಂದ ಹೀರೋ ಆಗುವವನಿಗೆ ಕಂಠಕ್ಕಿಂತ ಕಿಸೆ ಗಟ್ಟಿ ಇರಬೇಕಾಗುತ್ತದೆ. ಎರಡನೆಯದು ಪಟ್ಟಿ. ಪಾವತಿ ಪುಸ್ತಕ ಹಿಡಿದು ನಾಲ್ಕು ಹುಡುಗರು ಪೇಟೆ ಹಿಡಿಯುತ್ತಾರೆ. "ಸಾವಕಾರ್ರ, ಹೋದ ವರ್ಷ ಐದುನೂರಾ ಒಂದು ಕೊಟ್ಟಿದ್ರಿ, ಈ ಸಲ ಸಾವಿರದ ಒಂದು ಬರಕೊಳ್ಳೋಣೇನ್ರಿ?" "ಏನ್ ಸಾವಿರಪಾ, ವ್ಯಾಪಾರ ಎಲ್ಲೈತಿ, ಅಷ್ಟೇ ಬರಕೋ." ಬನಹಟ್ಟಿಯ ಮಗ್ಗದ ಮಾಲೀಕರಿಂದ ಮುಧೋಳದ ಗೊಬ್ಬರದಂಗಡಿಯವರ ತನಕ ಈ ಮಾತುಕತೆ ಒಂದೇ. ನೂಲಿನ ದರ ಏರಿದ ವರ್ಷ, ಕಬ್ಬಿನ ಬಿಲ್ಲು ತಡವಾದ ವರ್ಷ, ಪಟ್ಟಿಯೂ ಸೊರಗುತ್ತದೆ. ಹಣ ಆಗದವರು ಬೇರೆ ಬಗೆಯಲ್ಲಿ ಕೊಡುತ್ತಾರೆ: ಒಬ್ಬರದು ಅಕ್ಕಿ ಚೀಲ, ಒಬ್ಬರದು ಶಾಮಿಯಾನ, ಮತ್ತೊಬ್ಬರದು ಕಲಾವಿದರಿಗೆ ಊಟ, ವಸತಿ. ಈ ಊಟ ಹಾಕಿದ ಮನೆಯವರ ಹೆಸರು ಕರಪತ್ರದಲ್ಲಿ ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ಚಹಾ ಕಾಸಿದವರು ಮಾತ್ರ ಅವರೇ.

ಮೂರನೆಯದೇ ಆಹೇರಿ. ಮದುವೆ ಮನೆಯ ಉಡುಗೊರೆಯ ಮಾತು ನಾಟಕದ ಕಟ್ಟೆಗೂ ಬಂದಿದೆ. ಪಟ್ಟಿ ಈಗ ಫೋನಿನಲ್ಲೂ ಜಮಾ ಆಗುತ್ತದೆ. ಆಹೇರಿ ಮಾತ್ರ ನೋಟಿನಲ್ಲೇ ಆಗಬೇಕು. ಫೋನಿನ ದುಡ್ಡಿಗೆ ಪಿನ್ನು ಚುಚ್ಚಲು ಬರುವುದಿಲ್ಲ!

ರಾಜರು ಹೋದರು

ನಾಟಕಕ್ಕೆ ಕೊಡುವ ಕೈ ಈ ಭಾಗದಲ್ಲಿ ಮೊದಲು ಅರಮನೆಯದಾಗಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಅಲ್ಲಿಯೂ ಪಟವರ್ಧನರೇ. ಆ ಸಾಂಗಲಿಯ ಚಿಂತಾಮಣರಾವ್ ಪಟವರ್ಧನರು ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳದ ಆಟ ನೋಡಿ, ಇಂಥದ್ದು ನಮ್ಮಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಆಶ್ರಯ ಕೊಟ್ಟರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಲೆಕ್ಕ ಅಲ್ಲಿಂದಲೇ ಶುರು. 1851ರಲ್ಲಿ ರಾಜರು ತೀರಿಕೊಂಡರು, ಆಶ್ರಯವೂ ಮುಗಿಯಿತು. ಭಾವೆಯವರು ಮಂಡಳಿ ಕಟ್ಟಿಕೊಂಡು ಊರೂರು ತಿರುಗಿದರು, 1853ರಲ್ಲಿ ಮುಂಬಯಿಯಲ್ಲಿ ಟಿಕೀಟು ಮಾರಿದರು. ಒಬ್ಬ ದಾನಿಯನ್ನೇ ನಂಬಿದ ನಾಟಕಕ್ಕೆ ಆ ದಾನಿಯಷ್ಟೇ ಆಯುಷ್ಯ.

ಆಮೇಲಿನದು ಕಂಪನಿಗಳ ಕಾಲ. ಆಗ ದಾನ ತಿರುಗುಮುರುಗಾದದ್ದೂ ಉಂಟು. ಕಂಪನಿಯವರು ಮುಕ್ಕಾಂ ಎತ್ತುವ ಮುಂಚೆ ಊರಿನ ಶಾಲೆಗೋ ಗುಡಿಗೋ ಒಂದು ಸಹಾಯಾರ್ಥ ಪ್ರಯೋಗ ಆಡಿ, ಬಂದದ್ದನ್ನು ಅಲ್ಲಿಯೇ ಕೊಟ್ಟು ಹೋಗುತ್ತಿದ್ದರು. ಬಾಲಗಂಧರ್ವರು 1921ರಲ್ಲಿ ಕೇಶವರಾವ್ ಭೋಸಲೆಯವರ ಜೊತೆಗೂಡಿ ಆಡಿದ 'ಮಾನಾಪಮಾನ' ತಿಲಕ ಸ್ವರಾಜ್ಯ ನಿಧಿಗಾಗಿ. ಅದೇ ಬಾಲಗಂಧರ್ವರ ರಂಗಕ್ಕೆ ಮುಂದೆ ಆಸರೆಯಾಗಿ ನಿಂತ ಗೋಹರಬಾಯಿ ಬೀಳಗಿಯ ಮನೆತನದವರು. ಅವರ ತಂಗಿ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನೆಮಾದಲ್ಲಿ ಹಾಡಿ ದೇಶಕ್ಕೆ ಹೆಸರಾದರು; ವಿಜಯಪುರದ ಅಮೀರ ಟಾಕೀಸು ಅವರ ಹೆಸರು ಹೊತ್ತದ್ದು. ಬೀಳಗಿಯಂಥ ಸಣ್ಣ ಊರು ರಂಗಕ್ಕೆ ಕೊಟ್ಟ ದಾನ ಯಾವ ಪಾವತಿ ಪುಸ್ತಕದಲ್ಲೂ ಹಿಡಿಯುವಂಥದ್ದಲ್ಲ.

ಪಾರಿಜಾತದ ದಾರಿ ಬೇರೆ. ಕುಲಗೋಡ ತಮ್ಮಣ್ಣನವರು ಬೆಳೆಸಿದ, ಕೌಜಲಗಿ ನಿಂಗಮ್ಮ ಮೇಳ ಕಟ್ಟಿ ಮೆರೆಸಿದ ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಪಕ್ಕದಲ್ಲೇ ಹುಟ್ಟಿ ಇಲ್ಲಿನ ಹಳ್ಳಿಗಳನ್ನೆಲ್ಲ ತುಂಬಿತು. ಅದಕ್ಕೆ ಟಿಕೀಟು ಇಲ್ಲ, ಮಂಟಪವೂ ಇಲ್ಲ. ಆಟದೊಳಗಿನ ಮಾತುಗಾರ ನೋಡುವವರನ್ನೇ ಮಾತಿಗೆಳೆದು ಕಿಸೆಗೆ ಕೈ ಹಾಕಿಸುವುದುಂಟು. ಅಲ್ಲಿ ದುಡ್ಡು ಕೇಳುವುದೂ ಆಟದ ಭಾಗ, ಆಟ ನಿಲ್ಲುವುದಿಲ್ಲ. ಸಾಮಾಜಿಕ ನಾಟಕದಲ್ಲಿ ನಿಲ್ಲುತ್ತದೆ. ಫರಕು ಇಷ್ಟೇ, ಆದರೆ ದೊಡ್ಡದು.

ಕೊಟ್ಟದ್ದು ಯಾರಿಗೆ?

ಈಗ ತಕರಾರಿಗೆ ಬರೋಣ. ನಾಯಕಿಗೆಂದು ಕೂಗಿ ಹೇಳಿ ಕೊಟ್ಟ ನೂರಾ ಒಂದು ರೂಪಾಯಿ ನಾಯಕಿಗೆ ಸೇರುತ್ತದೆಯೇ? ಕೆಲವೆಡೆ ಪೂರಾ ಆಕೆಗೇ. ಕೆಲವೆಡೆ ಅರ್ಧ ಸಂಘಕ್ಕೆ. ಇನ್ನು ಕೆಲವೆಡೆ ಎಲ್ಲ ಸಂಘದ ಡಬ್ಬಿಗೆ, ಆಕೆಗೆ ಮೊದಲೇ ಮಾತಾದ ಪಗಾರ ಮಾತ್ರ. ಕೊಟ್ಟವನಿಗೆ ಇದು ಗೊತ್ತಿರುವುದಿಲ್ಲ. ಕಾಗದದ ಮೇಲೆ ಕರಾರು ಇರುವುದು ಅಪರೂಪ. ಲೆಕ್ಕ ತಪ್ಪಿದರೆ ಬೆಳಗಿನ ಜಾವ ಬಣ್ಣ ಒರೆಸಿಕೊಳ್ಳುತ್ತಲೇ ಜಗಳ; ಊರವರು ಐವತ್ತು ಮಂದಿ, ಆಕೆ ಒಬ್ಬಳು.

ದಾನಿ ಕಟ್ಟೆ ಏರುವ ರೀತಿಯೂ ಎಲ್ಲಾ ಸಲ ನೆಟ್ಟಗಿರುವುದಿಲ್ಲ. ಒಂದು ಓಣಿಯವರು ನೂರಾ ಒಂದು ಕೊಟ್ಟರೆ ಇನ್ನೊಂದು ಓಣಿಯವರಿಗೆ ಇನ್ನೂರಾ ಒಂದು ಕೊಡದೆ ನಿದ್ದೆ ಬಾರದು. ಕುಡಿದು ಏರುವವರುಂಟು, ನೋಟು ಕೈಗೆ ಕೊಡದೆ ಸತಾಯಿಸುವವರುಂಟು. ಆಗಲೂ ಆಕೆ ಕೈ ಮುಗಿದು ನಗಬೇಕು. ಇದನ್ನು ಕಲಾಪ್ರೇಮ ಎಂದು ಮೈಕಿನಲ್ಲಿ ಸಾರುವುದು ಸಂಘದವರ ದೊಡ್ಡ ಮನಸ್ಸು.

ಇಷ್ಟೆಲ್ಲ ಕೂಡಿದ ದುಡ್ಡು ಒಂದು ರಾತ್ರಿಗೆ ಕರಗುತ್ತದೆ. ಉಳಿಯುವುದು ಕರಪತ್ರ. ವರ್ಷಾ ವರ್ಷಾ ಪರದೆ ಬಾಡಿಗೆಗೆ ತರುವ ಊರಿಗೆ ಸ್ವಂತದ್ದೊಂದು ಪರದೆ ಕೊಳ್ಳುವ ಯೋಚನೆ ಬರುವುದು ಕಡಿಮೆ. ಏಕೆಂದರೆ ಪರದೆಗೆ ಕೊಟ್ಟವನ ಹೆಸರನ್ನು ಮೈಕಿನಲ್ಲಿ ಎಷ್ಟು ಸಲ ಕೂಗಲು ಸಾಧ್ಯ? ಬೆಂಗಳೂರಿನ ರಂಗಶಂಕರಕ್ಕಾಗಿ ಅರುಂಧತಿ ನಾಗ್ ವರ್ಷಗಟ್ಟಲೆ ದಾನ ಕೇಳುತ್ತ ತಿರುಗಿದರು, 2004ರಲ್ಲಿ ಬಾಗಿಲು ತೆರೆಯಿತು. ಅದು ರಾಜಧಾನಿಯ ಮಾತಾಯಿತು ಅನ್ನುವವರಿಗೆ ಮಲೆನಾಡಿನ ಹೆಗ್ಗೋಡು ಇದೆ: 1949ರಲ್ಲಿ ಒಂದು ಹಳ್ಳಿಯವರು ಕೂಡಿ ಕಟ್ಟಿದ ನೀನಾಸಂ ಇವತ್ತಿಗೂ ನಾಟಕ ಆಡಿಸುತ್ತಿದೆ.

ಇಲ್ಲಿಯ ತೊಡಕು ಕಾಗದಪತ್ರದ್ದು. ಜಾತ್ರೆಗೆ ಹುಟ್ಟಿ ಜಾತ್ರೆಗೆ ಮುಗಿಯುವ ಸಂಘಕ್ಕೆ ನೋಂದಣಿ ಇಲ್ಲ, ಬ್ಯಾಂಕಿನ ಖಾತೆ ಇಲ್ಲ. ವ್ಯಾಪಾರಸ್ಥರು '80ಜಿ' ಎಂದು ಬಾಯಿಪಾಠ ಮಾಡಿಕೊಂಡ ತೆರಿಗೆ ರಿಯಾಯಿತಿ ಇಂಥ ಪಾವತಿಗೆ ಸಿಕ್ಕುವುದಲ್ಲ. ನೋಂದಾಯಿತ ಟ್ರಸ್ಟಿಗೇ ಕೊಟ್ಟರೂ 2,000 ರೂಪಾಯಿ ದಾಟಿದ ನಗದನ್ನು 2017ರ ತಿದ್ದುಪಡಿಯಿಂದೀಚೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಕ್ಕರೆ ಕಾರ್ಖಾನೆಗಳ ಚಿಮಣಿ ಎಣಿಸಿ ಮುಗಿಯದ ಸೀಮೆ ಇದು. ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2ರಂತೆ ಸಮಾಜದ ಕೆಲಸಕ್ಕೆ ತೆಗೆದಿಡಬೇಕೆಂದು 2013ರ ಕಾನೂನು ಹೇಳಿತು. ಕಲೆ, ಸಂಸ್ಕೃತಿಯೂ ಅದರ ಪಟ್ಟಿಯಲ್ಲಿದೆ. ಆ ದುಡ್ಡು ಪಡೆಯುವ ಸಂಸ್ಥೆ ಮಾತ್ರ 2021ರಿಂದ ಕಂಪನಿ ಇಲಾಖೆಯಲ್ಲಿ ಹೆಸರು ಬರೆಸಿರಬೇಕು. ನಾಲ್ಕು ಊರಿನ ನಾಟ್ಯ ಸಂಘಗಳು ಕೂಡಿ ಒಂದೇ ಒಂದು ಟ್ರಸ್ಟು ಮಾಡಿಕೊಂಡರೆ ಸಾಲದೇ? ಒಂದು ಜೊತೆ ಪರದೆ, ಒಂದು ಮೈಕಿನ ಸೆಟ್ಟು, ಮುಪ್ಪಾದ ನಟ-ನಟಿಯರ ಔಷಧಕ್ಕೆ ಒಂದು ಗಂಟು. ಆಹೇರಿಯನ್ನು ಅಂಕದ ಪರದೆ ಬಿದ್ದ ಮೇಲೆ ಕೂಗಿದರೂ ದಾನಿಗಳ ಹೆಸರೇನೂ ಸವೆಯುವುದಿಲ್ಲ. ನಾಯಕಿ ಒಂದೇ ಸಲ ಅತ್ತು ಮುಗಿಸಬಹುದು.

ಜಾತ್ರೆ ಸೀಜನ್ನಿನಲ್ಲಿ ಜಮಖಂಡಿ ಬಸ್‌ಸ್ಟ್ಯಾಂಡಿಗೆ ನಸುಕಿನ ಬಸ್ಸಿಗೆಂದು ಬರುವವರು ಆಕೆಯನ್ನು ಕಂಡಿರುತ್ತಾರೆ. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿರುತ್ತದೆ, ತೊಡೆಯ ಮೇಲೆ ಬ್ಯಾಗು. ಸೆರಗು ಮರೆ ಮಾಡಿಕೊಂಡು ನೋಟುಗಳ ಪಿನ್ನು ಒಂದೊಂದಾಗಿ ಬಿಡಿಸುತ್ತಿರುತ್ತಾಳೆ. ರಾತ್ರಿಗೆ ಬೀಳಗಿ ಕಡೆ ಇನ್ನೊಂದು ನಾಟಕ.