ಸಂಕೇತದ ಬಲ ಬೇರೆ, ಗುಣ ಬೇರೆ



ಕಂಪ್ಯೂಟರಿನಲ್ಲೇ ಟಿ.ವಿ. ನೋಡಬಹುದು ಎಂಬುದು ನಮ್ಮ ಬೆಟ್ಟದ ಹಟ್ಟಿಗಳಿಗೆ ಹೊಸ ಸುದ್ದಿಯೇನಲ್ಲ. ಆದರೆ ಟ್ಯೂನರ್ ತಂದು ಸಿಕ್ಕಿಸಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಏನು ಮಾಡಬೇಕು? ತಪ್ಪು ಡಿಶ್ಶಿನದೋ, ತಂತಿಯದೋ, ಕಂಪ್ಯೂಟರಿನದೋ ಎಂದು ಕಂಡುಹಿಡಿಯುವುದು ಹೇಗೆ? ಕಟ್ಟಬೆಟ್ಟು, ಕೋತಗಿರಿ ಸುತ್ತಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ಈ ವಿಷಯ ತಿಳಿಯೋಣ.

ಮೊದಲು, ಕೊಳ್ಳುವಾಗಲೇ ಒಂದು ಎಚ್ಚರ. ಅಂಗಡಿಯಲ್ಲಿ ಟ್ಯೂನರುಗಳು ಎರಡು ಬಗೆ. ಒಂದು, ನೆಲದ ಮೇಲಿನ ಗೋಪುರದಿಂದ ಬರುವ ಪ್ರಸಾರ ಹಿಡಿಯುವ ‘ಡಿವಿಬಿ-ಟಿ’. ಇನ್ನೊಂದು, ಉಪಗ್ರಹದಿಂದ ಬರುವುದನ್ನು ಹಿಡಿಯುವ ‘ಡಿವಿಬಿ-ಎಸ್’ ಮತ್ತು ‘ಎಸ್2’. ದೂರದರ್ಶನವು 2016ರಲ್ಲಿ ಗೋಪುರದ ಡಿಜಿಟಲ್ ಪ್ರಸಾರವನ್ನು ಬೆಂಗಳೂರು, ಚೆನ್ನೈ ಸೇರಿ 16 ನಗರಗಳಲ್ಲಿ ಆರಂಭಿಸಿತು. ಆ ಪಟ್ಟಿಯಲ್ಲಿ ನೀಲಗಿರಿ ಇರಲಿಲ್ಲ. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಮೊದಲ ಬಗೆಯದನ್ನು ತಂದರೆ ಹಣ ನೀರಿಗೆ ಹಾಕಿದಂತೆಯೇ. ನಮಗೆ ಬೇಕಾದ್ದು ಎರಡನೆಯದು.

ಅದರಲ್ಲಿ ಸಿಗುವುದೇನು? 2004ರ ಡಿಸೆಂಬರಿನಲ್ಲಿ ದೂರದರ್ಶನವು ತಿಂಗಳ ಚಂದಾ ಇಲ್ಲದ ಡಿಶ್ ಸೇವೆ ಆರಂಭಿಸಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ಅದರಲ್ಲಿ ಕನ್ನಡದ ಚಂದನವೂ ಇದೆ, 2024ರವರೆಗೆ ಪೊದಿಗೈ ಎಂಬ ಹೆಸರಿದ್ದ ಡಿಡಿ ತಮಿಳೂ ಇದೆ. ಮನೆಯಲ್ಲಿ ಎರಡು ಭಾಷೆ ಆಡುವ ನಮಗೆ ಒಂದೇ ಡಿಶ್ಶಿನಲ್ಲಿ ಎರಡೂ ದೊರಕುತ್ತವೆ. ಶಾಲೆಯಲ್ಲಿ ಕನ್ನಡ ಓದದ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ಚಂದನ ಕಿವಿಗೆ ಬಿದ್ದರೆ ಅದೂ ಒಂದು ಪಾಠವೇ.

ಇನ್ನು ಡಿಶ್ಶಿನ ದಿಕ್ಕು. ಫ್ರೀ ಡಿಶ್ ಬರುವುದು 2015ರ ನವೆಂಬರಿನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕ ರೇಖೆಯ ಮೇಲೆ, 93.5 ಅಂಶ ಪೂರ್ವ ರೇಖಾಂಶದಲ್ಲಿ ನಿಂತಿದೆ. ಲೆಕ್ಕ ಹಾಕಿದರೆ ಕೋತಗಿರಿ ಕಡೆಯಿಂದ ಅದು ಆಗ್ನೇಯದಲ್ಲಿ, ಉತ್ತರದಿಂದ ಬಲಕ್ಕೆ ಸುಮಾರು 124 ಅಂಶದಲ್ಲಿ ಕಾಣಬೇಕು. ಎತ್ತರ ನೆಲದಿಂದ ಸುಮಾರು 66 ಅಂಶ. ಅಂದರೆ ನೆತ್ತಿಗೆ ಹತ್ತಿರವೇ. ಮನೆಯ ಡಿಶ್ಶು ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ, ಏಕೆಂದರೆ ಅದರ ಬಟ್ಟಲಿನ ಆಕಾರವೇ ಓರೆಯಾಗಿ ಮೇಲಿನಿಂದ ಬಂದದ್ದನ್ನು ಹಿಡಿಯುವಂಥದು.

ಈ ಎತ್ತರದಿಂದ ಒಂದು ಲಾಭವಿದೆ. ಡಿಶ್ಶಿಗಿಂತ 10 ಮೀಟರ್ ಎತ್ತರದ ಸಿಲ್ವರ್ ಓಕ್ ಮರ ಆಗ್ನೇಯಕ್ಕಿದ್ದರೂ, ಅದು ಐದು ಮೀಟರಿಗಿಂತ ದೂರವಿದ್ದು ಕೊಂಬೆಗಳು ಇತ್ತ ಚಾಚಿರದಿದ್ದರೆ ಅಡ್ಡವಾಗುವುದಿಲ್ಲ. ಅಡ್ಡವಾಗಿದೆಯೇ ಎಂದು ನೋಡಲು ಸೂರ್ಯನನ್ನೇ ಕೇಳಬಹುದು. ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಸೂರ್ಯ ಈ ಉಪಗ್ರಹದ ಹಿಂದೆಯೇ ಬರುತ್ತಾನೆ. ಆ ಹೊತ್ತಿಗೆ ಡಿಶ್ಶಿನ ಮೇಲೆ ಮರದ ನೆರಳು ಬಿದ್ದಿದ್ದರೆ ಆ ಮರವೇ ಅಡ್ಡ. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ತಾನಾಗಿ ಹೋಗಿ ಬರುವುದೂ ಉಂಟು. ಅದು ನಿಮ್ಮ ಡಿಶ್ಶಿನ ದೋಷವಲ್ಲ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗುತ್ತದೆ, ಅಷ್ಟೆ.

ಈಗ ಕಂಪ್ಯೂಟರಿಗೆ ಬರೋಣ. ಟ್ಯೂನರಿನ ಜೊತೆ ಬಂದ ಅಡಾಪ್ಟರನ್ನು ಕರೆಂಟಿಗೆ ಹಾಕಲೇಬೇಕು. ಡಿಶ್ಶಿನ ಮುಂದಿರುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಬೇಕು. ಯುಎಸ್‌ಬಿ ಕೊಡುವುದು 5 ಮಾತ್ರ. ಬಳಿಕ ಡ್ರೈವರ್ ಹಾಕಿ. ವಿಂಡೋಸ್‌ನಲ್ಲಿ ಪ್ರೊಗ್‌ಡಿವಿಬಿ, ಡಿವಿಬಿವ್ಯೂವರ್, ಲಿನಕ್ಸ್‌ನಲ್ಲಿ ಕಫೀನ್, ಟಿವಿಹೆಡ್‌ಎಂಡ್ ಮುಂತಾದ ತಂತ್ರಾಂಶಗಳಿವೆ. ಯಾವುದಾದರೂ ಸರಿ, ಅದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉಪಗ್ರಹ: 93.5 ಪೂರ್ವ. ಎಲ್‌ಎನ್‌ಬಿ: ಯೂನಿವರ್ಸಲ್, 9750 ಮತ್ತು 10600. ಡೈಸೆಕ್ ಸ್ವಿಚ್: ಡಿಶ್ ಒಂದೇ ಆದರೆ ‘ಇಲ್ಲ’. ಮೊದಲ ಹುಡುಕಾಟಕ್ಕೆ ಆವರ್ತನ 11090, ವರ್ಟಿಕಲ್, ಸಿಂಬಲ್ ರೇಟ್ 29500. ‘ನೆಟ್‌ವರ್ಕ್ ಹುಡುಕಾಟ’ ಎಂಬುದಿದ್ದರೆ ಅದಕ್ಕೂ ಗುರುತು ಹಾಕಿ.

ಈ 9750 ಏಕೆ? ಎಲ್‌ಎನ್‌ಬಿ ಬಂದ ಆವರ್ತನದಿಂದ ಅದನ್ನು ಕಳೆದು ಉಳಿದದ್ದನ್ನು ತಂತಿಗೆ ಇಳಿಸುತ್ತದೆ. 11090ರಲ್ಲಿ 9750 ಕಳೆದರೆ 1340. ಟ್ಯೂನರ್ ಓದಬಲ್ಲದ್ದು 950ರಿಂದ 2150ರವರೆಗೆ. ತಂತ್ರಾಂಶದಲ್ಲಿ 9750ರ ಜಾಗದಲ್ಲಿ ಬೇರೆ ಸಂಖ್ಯೆ ಇದ್ದರೆ ಕಂಪ್ಯೂಟರ್ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗೆ. ಡಿಶ್ ಸರಿಯಿದ್ದರೂ ಚಾನೆಲ್ ಸಿಗುವುದಿಲ್ಲ.

ಇನ್ನು ಮುಖ್ಯ ಮಾತು. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ: ಬಲ ಮತ್ತು ಗುಣ. ಜಾತ್ರೆಯಲ್ಲಿ ಒಬ್ಬರ ಮಾತು ಕೇಳುವುದನ್ನು ನೆನೆಯಿರಿ. ಕಿವಿಗೆ ಬೀಳುವ ಒಟ್ಟು ಸದ್ದು ಬಲ. ಅದರಲ್ಲಿ ನಿಮಗೆ ಬೇಕಾದವರ ಮಾತು ಎಷ್ಟು ಬಿಡಿಯಾಗಿ ತಿಳಿಯುತ್ತದೆ ಎಂಬುದು ಗುಣ. ಬಲ ತುಂಬಿದ್ದು ಗುಣ ಸೊನ್ನೆಯಾದರೆ ಡಿಶ್ ಬೇರೆ ಕಡೆ ತಿರುಗಿದೆ ಅಥವಾ ಎಲ್‌ಎನ್‌ಬಿ ಸಂಖ್ಯೆ ತಪ್ಪಿದೆ. ಎರಡೂ ಬಿದ್ದಿದ್ದರೆ ಅಡಾಪ್ಟರ್, ತಂತಿ, ತಂತಿಯ ತುದಿಯ ತಿರುಪು ನೋಡಿ; ಮಂಜಿನ ನೀರು ಒಳಗೆ ಇಳಿದು ತಾಮ್ರ ಹಸಿರುಗಟ್ಟಿರಬಹುದು. ಎರಡೂ ಚೆನ್ನಾಗಿದ್ದು ಚಿತ್ರ ತಡೆದು ತಡೆದು ಬಂದರೆ ಕಂಪ್ಯೂಟರಿನ ವೇಗ ಸಾಲದು, ಇಲ್ಲವೇ ಯುಎಸ್‌ಬಿ ಜೋಡಣೆ ಸಡಿಲ.

ಗುಣವನ್ನು ‘ಡಿಬಿ’ಯಲ್ಲಿ ತೋರಿಸುವಂತೆ ಹೊಂದಿಸಿಕೊಂಡರೆ ಒಳ್ಳೆಯದು; ಶೇಕಡಾ ಲೆಕ್ಕ ಒಂದೊಂದು ಟ್ಯೂನರಿನಲ್ಲಿ ಒಂದೊಂದು ಬಗೆ. ಸುಮಾರು 7 ಡಿಬಿಗೆ ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಬಿಸಿಲಿನ ದಿನ 10ಕ್ಕಿಂತ ಮೇಲಿದ್ದರೆ ಮಳೆಗೆ ಸ್ವಲ್ಪ ಮಿಗುತ್ತದೆ. ಡಿಶ್ಶನ್ನು ಬೆರಳಗಲ ಸರಿಸಿ, ಮೂರ್ನಾಲ್ಕು ಸೆಕೆಂಡು ಕಾದು, ಸಂಖ್ಯೆ ಏರಿತೇ ನೋಡಿ. ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಮೆಲ್ಲಗೆ ತಿರುಗಿಸಿ ಮತ್ತೆ ನೋಡಿ. ಕೊನೆಗೆ ಬೋಲ್ಟ್ ಬಿಗಿದು, ಸಂಖ್ಯೆಯನ್ನು ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಕೆಟ್ಟಾಗ ಹೋಲಿಸಲು ಅದೇ ಆಧಾರ. ಒದ್ದೆ ತಗಡಿನ ಮೇಲೆ ಮಾತ್ರ ಹತ್ತಬೇಡಿ. ಗುಡುಗು ಕೇಳಿದರೆ ತಂತಿ ಬಿಚ್ಚಿಡಿ.

ನಮ್ಮ ಮಂಜಿನಿಂದ ಈ ಸಂಕೇತಕ್ಕೆ ಅಷ್ಟೇನೂ ತೊಂದರೆಯಿಲ್ಲ. ಅದರ ಹನಿಗಳು ಬಹಳ ಸಣ್ಣವು. ದಪ್ಪ ಹನಿಯ ಜೋರುಮಳೆ ಮಾತ್ರ ಅದನ್ನು ನುಂಗಿಬಿಡುತ್ತದೆ. ಎಂಥ ಒಳ್ಳೆಯ ಡಿಶ್ ಆದರೂ ಇದಕ್ಕೆ ಪೂರ್ತಿ ಪರಿಹಾರವಿಲ್ಲ. 2009ರ ನವೆಂಬರಿನಲ್ಲಿ ನೀಲಗಿರಿಯಲ್ಲಿ ಗುಡ್ಡ ಕುಸಿದು 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಂಥ ಮಳೆಯಲ್ಲಿ, ಸುದ್ದಿ ಅತ್ಯಗತ್ಯವಾದ ಹೊತ್ತಿನಲ್ಲೇ, ಡಿಶ್ ಮೂಕವಾಗಬಹುದು. ಕರೆಂಟ್ ಹೋದರೆ ಕಂಪ್ಯೂಟರೂ ಇಲ್ಲ. ಆದ್ದರಿಂದ ಐಪ್ಪಸಿ, ಕಾರ್ತಿಗೈ ಮಳೆ ಹಿಡಿಯುವ ಮೊದಲೇ ಡಿಶ್ಶಿನ ಗುಣ ಒಮ್ಮೆ ಅಳೆದು ನೋಡಿ. ಜೊತೆಗೆ ಎರಡು ಸೆಲ್ಲಿನ ರೇಡಿಯೊ ಒಂದನ್ನು ಮನೆಯಲ್ಲಿ ಕೈಗೆ ಸಿಗುವಲ್ಲಿ ಇಟ್ಟಿರಿ.